ಸಣ್ಣ ಗಾಜಿನ ತೊಟ್ಟಿಗೆ ತಕ್ಕ ಮೀನುಗಳೂ ನೀರುಗಿಡಗಳೂ

ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವ ಹವ್ಯಾಸವು ಪಟ್ಟಣಗಳನ್ನು ದಾಟಿ ಹಳ್ಳಿಗಳನ್ನೂ ಪ್ರವೇಶಿಸಿರುವುದು. ಗ್ರಾಮದ ಹಿರಿಯರ ಮನೆಯ ಪಡಸಾಲೆಯಲ್ಲಿಯೂ, ಪಾಠಶಾಲೆಯ ಮೇಜಿನ ಮೇಲೆಯೂ ಒಂದೊಂದು ತೊಟ್ಟಿಯು ಕಣ್ಣಿಗೆ ಬೀಳುವುದು ಈಗ ಅಪೂರ್ವವಲ್ಲ. ಜಾತ್ರೆಗೆ ಹೋದ ಮಕ್ಕಳು ಪ್ಲಾಸ್ಟಿಕ್ ಚೀಲದ ನೀರಿನಲ್ಲಿ ಎರಡು ಚಿನ್ನದ ಮೀನುಗಳನ್ನು ಹಿಡಿದುಕೊಂಡು ಮನೆಗೆ ಬರುವರು. ಅವುಗಳನ್ನು ದುಂಡನೆಯ ಗಾಜಿನ ಬೋಗುಣಿಯಲ್ಲಿ ಬಿಟ್ಟು, ದಿನಕ್ಕೆ ನಾಲ್ಕು ಸಾರಿ ಅನ್ನದ ಅಗುಳನ್ನೋ ಪುರಿಯನ್ನೋ ಹಾಕಲಾಗುವುದು. ಮೂರನೆಯ ದಿನ ಒಂದು ಸಾಯುವುದು, ವಾರದೊಳಗೆ ಮತ್ತೊಂದು. ದೃಷ್ಟಿ ತಗುಲಿತೆಂದು ಕೆಲವರೂ, ಮೀನು ಸಾಕುವುದು ಮನೆಗೆ ಆಗಿಬರದೆಂದು ಮತ್ತೆ ಕೆಲವರೂ ಹೇಳುವುದುಂಟು. ಎರಡು ಮಾತೂ ಸರಿಯಲ್ಲ. ಮೀನು ಸತ್ತುದಕ್ಕೆ ಕಾರಣವು ಆಯ್ಕೆಯ ದೋಷ. ಆ ಪಾತ್ರೆಗೆ ಆ ಮೀನು ತಕ್ಕದ್ದಾಗಿರಲಿಲ್ಲ.

ಮೀನು ಸಾಯದೆ ಬದುಕಿ ಉಳಿದರೂ ತೊಂದರೆಯು ತೀರಿತೆಂದು ಹೇಳುವಂತಿಲ್ಲ. ಅದು ಪಾತ್ರೆಗೆ ಹಿಡಿಯದಷ್ಟು ಬೆಳೆದಾಗ, ಅಥವಾ ಮಕ್ಕಳಿಗೆ ಬೇಸರ ಬಂದಾಗ, ಕೊಲ್ಲಲು ಮನಸ್ಸು ಬಾರದೆ ಊರ ಕೆರೆಗೆ ಬಿಡುವುದು ವಾಡಿಕೆಯಾಗಿದೆ. ದಯೆಯಿಂದ ಮಾಡಿದ ಈ ಕೆಲಸದ ಫಲವನ್ನು ಇಡೀ ಊರು ಅನುಭವಿಸಬೇಕಾಗುವುದು. ಆದುದರಿಂದ ಹತ್ತಿಪ್ಪತ್ತು ಲೀಟರಿನ ತೊಟ್ಟಿಯ ವಿಷಯವು ಕೇವಲ ಮಕ್ಕಳ ಆಟದ ವಿಷಯವಲ್ಲ. ಕೆರೆಯ ಹಿತವನ್ನು ನೋಡತಕ್ಕ ಊರ ಮುಖಂಡರು ಇದನ್ನು ಸ್ವಲ್ಪ ವಿವರವಾಗಿ ತಿಳಿದಿರುವುದು ಅವಶ್ಯ.

ಪಾತ್ರೆಯೂ ನೀರೂ

ಸಣ್ಣ ತೊಟ್ಟಿಯನ್ನು ನೋಡಿಕೊಳ್ಳುವುದು ಸುಲಭವೆಂದೂ ದೊಡ್ಡದು ಕಷ್ಟವೆಂದೂ ಸಾಮಾನ್ಯವಾದ ನಂಬಿಕೆ. ನಿಜಸ್ಥಿತಿಯು ಇದಕ್ಕೆ ವಿರುದ್ಧವಾಗಿರುವುದು. ಹೊಲದಲ್ಲಿ ನಿಂತ ಗಿಡಕ್ಕೆ ಒಂದು ದಿನ ನೀರು ತಪ್ಪಿದರೆ ಅಷ್ಟಾಗಿ ಬಾಧೆಯಿಲ್ಲ. ಕುಂಡದಲ್ಲಿರುವ ಗಿಡವು ಸಂಜೆಯೊಳಗೆ ಬಾಡುವುದು. ನೀರಿನ ವಿಷಯವೂ ಹಾಗೆಯೇ. ನೀರು ಸ್ವಲ್ಪವಿದ್ದಷ್ಟೂ ಅದು ಬೇಗ ಕಾಯುವುದು, ಬೇಗ ತಣ್ಣಗಾಗುವುದು, ಬೇಗ ಕೆಡುವುದು. ನೂರು ಲೀಟರಿನಲ್ಲಿ ಕರಗಿ ಹೋಗಬಹುದಾದ ತಪ್ಪು ಹತ್ತು ಲೀಟರಿನಲ್ಲಿ ಪ್ರಾಣಾಂತಿಕವಾಗುವುದು.

ಹದಿನೆಂಟು ಅಂಗುಲ ಉದ್ದ, ಹತ್ತು ಅಂಗುಲ ಅಗಲ, ಹತ್ತು ಅಂಗುಲ ಎತ್ತರದ ತೊಟ್ಟಿಯು ಅಂಚಿನವರೆಗೆ ಸುಮಾರು 29 ಲೀಟರು ಹಿಡಿಯುವುದು. ತಳದ ಮರಳನ್ನೂ ಮೇಲೆ ಬಿಡತಕ್ಕ ಖಾಲಿ ಜಾಗವನ್ನೂ ಕಳೆದರೆ ನಿಜವಾಗಿ ನಿಲ್ಲುವ ನೀರು 22 ಲೀಟರಿಗೆ ಹೆಚ್ಚಿಲ್ಲ. ಹೊಸಬರು ಇದಕ್ಕಿಂತ ಚಿಕ್ಕದಾದ ತೊಟ್ಟಿಗೆ ಕೈಹಾಕದಿರುವುದು ಒಳ್ಳೆಯದು. ಬಾಯಿ ಕಿರಿದಾದ ದುಂಡು ಬೋಗುಣಿಯು ನೋಟಕ್ಕೆ ಚೆನ್ನಾಗಿದ್ದರೂ ಮೀನಿಗೆ ಸೆರೆಮನೆಯೇ ಸರಿ. ನೀರಿನೊಳಕ್ಕೆ ಪ್ರಾಣವಾಯುವು ಸೇರುವುದು ಮುಖ್ಯವಾಗಿ ಮೇಲ್ಮೈಯ ಮೂಲಕ. ಬಾಯಿ ಅಗಲವಾದಷ್ಟೂ ಮೀನಿಗೆ ಉಸಿರು ಹೆಚ್ಚು. ಬಿಸಿಲಿನಲ್ಲಿ ಈ ಉಸಿರು ಮತ್ತಷ್ಟು ಕಡಮೆಯಾಗುವುದನ್ನೂ ನೆನಪಿಡಬೇಕು. 20 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯ ಒಂದು ಲೀಟರು ನೀರು ಸುಮಾರು 9 ಮಿಲಿಗ್ರಾಮ್ ಪ್ರಾಣವಾಯುವನ್ನು ಹಿಡಿದಿಟ್ಟುಕೊಳ್ಳಬಲ್ಲುದು. 30 ಡಿಗ್ರಿಯಲ್ಲಿ ಏಳೂವರೆ ಮಿಲಿಗ್ರಾಮ್ ಮಾತ್ರ. ಬೇಸಗೆಯಲ್ಲಿ ಮೀನಿನ ಹಸಿವೂ ಉಸಿರಾಟವೂ ಹೆಚ್ಚುವುದು, ನೀರಿನ ಶಕ್ತಿ ಕುಗ್ಗುವುದು. ಏಪ್ರಿಲ್ ತಿಂಗಳಿನಲ್ಲಿ ತೊಟ್ಟಿಯ ಮೀನುಗಳು ಮೇಲಕ್ಕೆ ಬಂದು ಬಾಯಿ ಬಿಡುವುದಕ್ಕೆ ಇದೇ ಕಾರಣ.

ತೊಟ್ಟಿಯನ್ನು ಅಲುಗದ ಕಲ್ಲುಚಪ್ಪಡಿಯ ಮೇಲೆ ಅಥವಾ ಗಟ್ಟಿಯಾದ ಮರದ ಪೀಠದ ಮೇಲೆ ಇಡತಕ್ಕದ್ದು. ಮರಳು, ಗಾಜು, ನೀರು ಸೇರಿ ಅದರ ಭಾರವು ಮೂವತ್ತು ಕಿಲೋಗ್ರಾಮನ್ನು ಮೀರುವುದು. ಬೆಳಕು ಬರುವ, ಆದರೆ ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳದ ಸ್ಥಳವು ಉತ್ತಮ. ನಲ್ಲಿಯ ನೀರಿನಲ್ಲಿಯೂ, ಬ್ಲೀಚಿಂಗ್ ಪುಡಿ ಹಾಕಿದ ಬಾವಿಯ ನೀರಿನಲ್ಲಿಯೂ ಕ್ಲೋರಿನ್ ಇರುವುದರಿಂದ ಅದನ್ನು ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ಹಗಲು ಒಂದು ರಾತ್ರಿ ತೆರೆದಿಟ್ಟು ಅನಂತರ ಉಪಯೋಗಿಸಬೇಕು. ಕೋಲಾರ, ಚಿತ್ರದುರ್ಗದಂತಹ ಬಯಲುಸೀಮೆಯ ಕೊಳವೆಬಾವಿಗಳ ನೀರು ಅನೇಕ ಕಡೆ ಗಡಸಾಗಿರುವುದು. ಅದರಲ್ಲಿ ಗಪ್ಪಿಯಂತಹ ಮೀನುಗಳು ಚೆನ್ನಾಗಿಯೇ ಬಾಳುವುವು. ಹೀಗೆ, ನೀರಿಗೆ ಮೀನನ್ನು ಹೊಂದಿಸುವುದು ಸುಲಭ. ಮೀನಿಗಾಗಿ ನೀರನ್ನು ಬದಲಾಯಿಸಹೊರಟವರು ಪ್ರಾಯಶಃ ಸೋತಿರುವರು.

ಗಾಜಿನ ಪಾತ್ರೆಯಲ್ಲಿ ಮೀನನ್ನೂ ಗಿಡವನ್ನೂ ಜೊತೆಯಾಗಿ ಇಡುವ ಪದ್ಧತಿಯನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿದವರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಮುಖ್ಯನು. ಅವನು ಎರಡು ಪುಟ್ಟ ಚಿನ್ನದ ಮೀನುಗಳೊಡನೆ ವ್ಯಾಲಿಸ್ನೇರಿಯ ಎಂಬ ನೀರುಗಿಡವನ್ನು ಇಟ್ಟನು. ಗಿಡದ ಹಳೆಯ ಎಲೆಗಳು ಕೊಳೆತು ನೀರು ಕಲಕಾಗಲು ಕೊಳದ ಬಸವನಹುಳುಗಳನ್ನು ಬಿಟ್ಟನು. ಅವು ಕೊಳೆತ ಎಲೆಯನ್ನು ತಿಂದು ನೀರು ತಿಳಿಯಾಯಿತು. ಈ ಸಂಗತಿಯನ್ನು ಅವನು 1850ರಲ್ಲಿ ಪ್ರಕಟಿಸಿದನು. ಅಂದಿನಿಂದ, ಗಿಡವು ಮೀನಿಗೆ ಉಸಿರು ಕೊಡುವುದು, ಮೀನು ಗಿಡಕ್ಕೆ ಗೊಬ್ಬರ ಕೊಡುವುದು, ಪಾತ್ರೆಯು ತಾನೇ ತಾನಾಗಿ ನಡೆಯುವುದು ಎಂಬ ಭಾವನೆಯು ಬೇರೂರಿತು. ಅದರಲ್ಲಿ ಸತ್ಯಾಂಶವಿದ್ದರೂ ಪೂರ್ಣಸತ್ಯವಿಲ್ಲ. ಗಿಡಗಳು ಹಗಲಿನಲ್ಲಿ ಮಾತ್ರ ಪ್ರಾಣವಾಯುವನ್ನು ಬಿಡುವುವು. ರಾತ್ರಿ ಅವೂ ಮೀನಿನಂತೆಯೇ ಅದನ್ನು ಸೇವಿಸುವುವು. ಗಿಡಗಳಿಂದ ಕಿಕ್ಕಿರಿದ ಸಣ್ಣ ತೊಟ್ಟಿಯಲ್ಲಿ ಬೆಳಗಿನ ಜಾವಕ್ಕೆ ಮೀನುಗಳು ಏದುವುದನ್ನು ಕಂಡರೆ ಆಶ್ಚರ್ಯಪಡಬೇಕಾಗಿಲ್ಲ.

ಮೀನುಗಳ ಆಯ್ಕೆ

ಮೊದಲು ಬೇಡವಾದ ಮೀನುಗಳನ್ನು ಹೇಳುವುದು ಲೇಸು, ಏಕೆಂದರೆ ಅಂಗಡಿಯಲ್ಲಿ ಮುಂದಕ್ಕೆ ಇಟ್ಟಿರುವುದು ಅವುಗಳನ್ನೇ.

ಚಿನ್ನದ ಮೀನು ಚೀನ ದೇಶದಲ್ಲಿ ನೂರಾರು ವರ್ಷಗಳಿಂದ ಸಾಕಿ ತಿದ್ದಿದ ತಳಿ. ಒಂದೂವರೆ ಅಂಗುಲದ ಮರಿಯಾಗಿ ಮಾರಾಟಕ್ಕೆ ಬಂದರೂ ಅದು ಗೆಂಡೆ ಮೀನಿನ ಬಳಗಕ್ಕೆ ಸೇರಿದ್ದು. ಜಾಗ ದೊರೆತರೆ ಎಂಟು ಹತ್ತು ಅಂಗುಲ ಬೆಳೆಯುವುದು, ಹತ್ತು ವರ್ಷಕ್ಕೆ ಮೇಲ್ಪಟ್ಟು ಬದುಕುವುದು. ಸದಾ ತಿನ್ನುವುದು, ತಿಂದಂತೆಲ್ಲ ನೀರನ್ನು ಕೆಡಿಸುವುದು, ಗಿಡಗಳ ಬೇರನ್ನು ಕೀಳುವುದು. ಅಂಗಳದಲ್ಲಿ ದೊಡ್ಡ ಸಿಮೆಂಟು ಕೊಳವುಳ್ಳವರಿಗೆ ಇದು ಶೋಭಿಸುವುದೇ ಹೊರತು ಗಾಜಿನ ತೊಟ್ಟಿಗಲ್ಲ.

ಎರಡನೆಯದು, ಗಾಜಿಗೆ ಬಾಯಿ ಅಂಟಿಸಿಕೊಂಡು ಪಾಚಿಯನ್ನು ತಿನ್ನುವುದೆಂದು ಹೇಳಿ ಮಾರುವ ಕಪ್ಪು ಬಣ್ಣದ ಸಕ್ಕರ್ ಮೀನು. ಇದು ದಕ್ಷಿಣ ಅಮೆರಿಕದ್ದು. ಎರಡು ಅಂಗುಲದ ಮರಿಯು ಬೆಳೆದು ಒಂದು ಅಡಿಯನ್ನು ಮೀರುವುದು. ತೊಟ್ಟಿಯನ್ನು ತೊಳೆಯುವ ಆಳೆಂದು ತಂದ ಮೀನೇ ತೊಟ್ಟಿಯಲ್ಲಿ ಅತ್ಯಂತ ಹೆಚ್ಚು ಹೊಲಸು ಮಾಡುವುದು. ಇದರ ವಿಷಯವಾಗಿ ಮುಂದೆಯೂ ಹೇಳಬೇಕಾಗಿದೆ.

ಮೂರನೆಯದನ್ನು ಅಂಗಡಿಯಿಂದ ತರುವುದಿಲ್ಲ, ಕಾಲುವೆಯಿಂದ ಹುಡುಗರೇ ತರುವರು. ಮಳೆಗಾಲದಲ್ಲಿ ಕೆರೆಯಂಚಿನ ಹುಲ್ಲಿನ ನಡುವೆ ಕೆಂಪು ಕಿತ್ತಳೆ ಬಣ್ಣದ ನೂರಾರು ಪುಟ್ಟ ಮರಿಗಳು ಮುದ್ದೆಯಾಗಿ ಏಳುತ್ತ ಮುಳುಗುತ್ತ ಇರುವುದುಂಟು. ಬಣ್ಣಕ್ಕೆ ಮರುಳಾಗಿ ಅವುಗಳನ್ನು ಬಟ್ಟೆಯಲ್ಲಿ ಗೋರಿ ತಂದು ಗಾಜಿನಲ್ಲಿ ಬಿಡುವರು. ಇವು ಕೊರವ ಮೀನಿನ ಮರಿಗಳು. ಕೆಳಗೆ ತಾಯಿ ತಂದೆಗಳು ಕಾವಲಿದ್ದೇ ಇರುವುವು. ಕೆಲವು ವಾರಗಳಲ್ಲಿ ಕೆಂಪು ಬಣ್ಣವು ಮಾಯವಾಗಿ, ತೊಟ್ಟಿಯ ಬೇರೆ ಮೀನುಗಳೂ ಮಾಯವಾಗುವುವು. ಕೊರವವು ಬೇಟೆಯ ಮೀನು. ಅದರ ಮರಿಗಳನ್ನು ಅವುಗಳ ಸ್ಥಳದಲ್ಲಿಯೇ ಬಿಡುವುದು ಕೆರೆಗೂ ಮೇಲು, ತೊಟ್ಟಿಗೂ ಮೇಲು.

ಕೇರಳದ ಹೊಳೆಗಳಿಂದ ಬರುವ, ಮೈಮೇಲೆ ಕೆಂಪು ಮತ್ತು ಕಪ್ಪು ಗೆರೆಗಳುಳ್ಳ ಮಿಸ್ ಕೇರಳ ಎಂಬ ಸುಂದರ ಮೀನನ್ನು ಕೆಲವರು ಬಯಸುವರು. ಅದು ಹರಿಯುವ ನೀರಿನಲ್ಲಿ ಗುಂಪಾಗಿ ಈಜುವ, ಆರು ಅಂಗುಲದವರೆಗೆ ಬೆಳೆಯುವ ಜಾತಿ. ಮಾರಾಟಕ್ಕೆಂದು ವಿಪರೀತವಾಗಿ ಹಿಡಿದುದರಿಂದ ಅಳಿವಿನ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಸೇರಿರುವುದು. ಸಣ್ಣ ತೊಟ್ಟಿಯವರು ಇದನ್ನು ಮರೆಯುವುದೇ ಮೇಲು.

ಇನ್ನು ತಕ್ಕವುಗಳ ವಿಷಯ. ಸುಮಾರು 22 ಲೀಟರು ನೀರಿಗೆ ಬೆಳೆದ ಮೇಲೆಯೂ ಎರಡು ಅಂಗುಲವನ್ನು ಮೀರದ ಮೀನುಗಳನ್ನು ಮಾತ್ರ ಆರಿಸತಕ್ಕದ್ದು. ಅವುಗಳ ಸಂಖ್ಯೆಯು ಆರರಿಂದ ಎಂಟನ್ನು ದಾಟಬಾರದು. ಅಂಗಡಿಯಲ್ಲಿ ಕಾಣುವ ಗಾತ್ರವನ್ನು ನೋಡದೆ ಬೆಳೆದ ಗಾತ್ರವನ್ನು ಕೇಳಿ ತಿಳಿಯಬೇಕು. ಕರುವಿನ ಅಳತೆಗೆ ಕೊಟ್ಟಿಗೆ ಕಟ್ಟಿಸುವ ರೈತನು ಎಲ್ಲಿಯೂ ಇಲ್ಲ.

ಹೊಸಬರಿಗೆ ಗಪ್ಪಿಯೇ ಸರ್ವೋತ್ತಮ. ಇದು ದಕ್ಷಿಣ ಅಮೆರಿಕದ ಉತ್ತರ ಭಾಗಕ್ಕೂ ಟ್ರಿನಿಡಾಡ್ ದ್ವೀಪಕ್ಕೂ ಸೇರಿದ ಮೀನು. ಟ್ರಿನಿಡಾಡಿನಿಂದ ಇದರ ಮಾದರಿಗಳನ್ನು ಲಂಡನ್ನಿಗೆ ಕಳುಹಿಸಿದ ಲೆಚ್ಮಿಯರ್ ಗಪ್ಪಿ ಎಂಬವನ ಹೆಸರೇ ಇದಕ್ಕೆ ನಿಂತಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸೊಳ್ಳೆಯ ಮರಿಗಳನ್ನು ತಿನ್ನಿಸುವುದಕ್ಕಾಗಿ ಭಾರತಕ್ಕೆ ತರಲ್ಪಟ್ಟಿತು. ಗಂಡು ಒಂದು ಅಂಗುಲದಷ್ಟಿದ್ದು ಬಾಲವು ಬಣ್ಣಬಣ್ಣವಾಗಿರುವುದು. ಹೆಣ್ಣು ದೊಡ್ಡದು, ಬಣ್ಣ ಕಡಮೆ. ಇದು ಮೊಟ್ಟೆಯಿಡದೆ ಮರಿಗಳನ್ನೇ ಹಾಕುವ ಜಾತಿ. ಸುಮಾರು ನಾಲ್ಕು ವಾರಗಳಿಗೊಮ್ಮೆ ಮರಿಗಳು ಬರುವುವು. ಒಂದು ಸಾರಿ ಗಂಡಿನ ಸಂಗವಾದ ಹೆಣ್ಣು ಅನಂತರ ಗಂಡಿಲ್ಲದೆಯೂ ಹಲವು ಸಾರಿ ಮರಿ ಹಾಕಬಲ್ಲುದು. ಆದುದರಿಂದ ಜೋಡಿಯನ್ನು ತಂದ ಮನೆಯಲ್ಲಿ ಆರು ತಿಂಗಳೊಳಗೆ ತೊಟ್ಟಿಯು ತುಂಬಿ ತುಳುಕುವುದು ನಿಶ್ಚಯ. ಸಣ್ಣ ತೊಟ್ಟಿಗೆ ಗಂಡುಗಳನ್ನು ಮಾತ್ರ ಐದಾರು ತರುವುದೇ ವಿವೇಕ.

ಸೊಳ್ಳೆಗಾಗಿ ತಂದ ಇನ್ನೊಂದು ಮೀನು ಗ್ಯಾಂಬೂಸಿಯ. ಇದು 1928ರಲ್ಲಿ ಇಟಲಿಯ ಮಾರ್ಗವಾಗಿ ಭಾರತಕ್ಕೆ ಬಂದಿತು. ನೋಡಲು ಹೆಣ್ಣು ಗಪ್ಪಿಯಂತೆ ಬೂದುಬಣ್ಣ. ಸ್ವಭಾವವು ಮಾತ್ರ ಬೇರೆ. ಇತರ ಮೀನುಗಳ ರೆಕ್ಕೆಗಳನ್ನು ಕಚ್ಚಿ ಹರಿಯುವುದು, ಅವುಗಳ ಮೊಟ್ಟೆ ಮರಿಗಳನ್ನೂ ಕಪ್ಪೆಮರಿಗಳನ್ನೂ ನುಂಗುವುದು. ಜಗತ್ತಿನ ಅತ್ಯಂತ ಹಾನಿಕರವಾದ ನೂರು ವಲಸೆಜೀವಿಗಳ ಪಟ್ಟಿಯಲ್ಲಿ ಇದರ ಹೆಸರಿದೆ. ಯಾರಾದರೂ ಉಚಿತವಾಗಿ ಕೊಟ್ಟರೂ ಅಲಂಕಾರದ ತೊಟ್ಟಿಗೆ ತರಬಾರದು.

ಸಯಾಂ ದೇಶದ ಕಾಳಗದ ಮೀನು, ಅಂಗಡಿಯವರು ಬೆಟ್ಟಾ ಎಂದು ಕರೆಯುವುದು, ಒಂಟಿಯಾಗಿ ಸಾಕುವುದಕ್ಕೆ ತಕ್ಕದ್ದು. ತಲೆಯೊಳಗಿನ ವಿಶೇಷ ಅಂಗದ ಸಹಾಯದಿಂದ ಗಾಳಿಯನ್ನೇ ಉಸಿರಾಡಬಲ್ಲುದಾದ್ದರಿಂದ ಸ್ವಲ್ಪ ನೀರಿನಲ್ಲಿಯೂ ಜೀವ ಹಿಡಿದಿರುವುದು. ಇದನ್ನೇ ನೆವಮಾಡಿಕೊಂಡು ಲೋಟದಷ್ಟು ನೀರಿನಲ್ಲಿಟ್ಟು ಮಾರುವುದು ಅಮಾನುಷವಾದ ಕ್ರಮ. ಜೀವ ಹಿಡಿದಿರುವುದು ಬೇರೆ, ಬಾಳುವುದು ಬೇರೆ. ಎರಡು ಗಂಡುಗಳನ್ನು ಒಟ್ಟಿಗೆ ಬಿಡಬಾರದು, ಉದ್ದಬಾಲದ ಗಪ್ಪಿಗಳೊಡನೆಯೂ ಬಿಡಬಾರದು. ಚಳಿಗಾಲದಲ್ಲಿ ರಾತ್ರಿಯ ಉಷ್ಣತೆಯು ಹದಿನೈದು ಡಿಗ್ರಿಗೆ ಇಳಿಯುವ ಊರುಗಳಲ್ಲಿ ಇದು ಸೊರಗುವುದು. ಅಲ್ಲಿ ಗಪ್ಪಿಯೇ ಹೆಚ್ಚು ತಾಳಿಕೆಯದು.

ಪರದೇಶದ ಮೀನುಗಳನ್ನು ಇಷ್ಟು ಹೊಗಳಿದ ಮೇಲೆ ನಾಡಮೀನುಗಳನ್ನು ಮರೆಯುವುದು ನ್ಯಾಯವಲ್ಲ. ದಕ್ಷಿಣ ಭಾರತದ ಗದ್ದೆಗಳ ಅಂಚಿನ ಹೊಂಡಗಳಲ್ಲಿಯೂ ಹುಲ್ಲು ತುಂಬಿದ ಕಾಲುವೆಗಳಲ್ಲಿಯೂ ಕುಪಾನಸ್ ಎಂದು ಶಾಸ್ತ್ರಜ್ಞರು ಹೆಸರಿಸಿರುವ, ಎರಡು ಎರಡೂವರೆ ಅಂಗುಲದ ಕಂದುಬಣ್ಣದ ಮೀನೊಂದಿದೆ. ಬಾಲವು ಮೊನಚಾಗಿ ಸೂಜಿಯಂತೆ ಕೊನೆಗೊಳ್ಳುವುದು. ಇದೂ ಗಾಳಿಯನ್ನು ಉಸಿರಾಡುವ ಜಾತಿ. ಗಂಡು ಎಲೆಯ ಕೆಳಗೆ ನೊರೆಯ ಗೂಡು ಕಟ್ಟಿ, ಮೊಟ್ಟೆಗಳನ್ನು ಅದರಲ್ಲಿಟ್ಟು ತಾನೇ ಕಾಯುವುದು. ಬಣ್ಣದ ಆಡಂಬರವಿಲ್ಲದಿದ್ದರೂ ಈ ನಡವಳಿಕೆಯನ್ನು ನೋಡುವುದು ಮಕ್ಕಳಿಗೆ ದೊಡ್ಡ ಪಾಠ. ಗಾತ್ರದಲ್ಲಿ ಮೇಲೆ ಹೇಳಿದ ಮಿತಿಯನ್ನು ಸ್ವಲ್ಪ ಮೀರಿದರೂ ಶಾಂತಸ್ವಭಾವದ್ದಾದ್ದರಿಂದ, ಒಂದು ಜೋಡಿಯನ್ನು ಮಾತ್ರ ಇಟ್ಟರೆ ತೊಟ್ಟಿಗೆ ಹೊರೆಯಾಗದು.

ತಲೆಯ ಮೇಲೆ ಬೆಳ್ಳಿಯಂತೆ ಹೊಳೆಯುವ ಚುಕ್ಕೆಯುಳ್ಳ, ನೀರಿನ ಮೇಲ್ಮೈಗೆ ಅಂಟಿಕೊಂಡೇ ಇರುವ ಪಂಚಾಕ್ಸ್ ಜಾತಿಯನ್ನು ಬಾವಿಯಲ್ಲಿಯೂ ಕಾಲುವೆಯಲ್ಲಿಯೂ ನೋಡದವರಿಲ್ಲ. ಸೊಳ್ಳೆಯ ಮರಿಗಳನ್ನು ತಿನ್ನುವುದರಲ್ಲಿ ಇದು ಯಾವ ಪರದೇಶದ ಮೀನಿಗೂ ಕಡಮೆಯಲ್ಲ. ಪಟ್ಟೆಗಳಿರುವ ದೊಡ್ಡ ಜಾತಿಯು ನಾಲ್ಕು ಅಂಗುಲದವರೆಗೆ ಬೆಳೆದು ಚಿಕ್ಕ ಮೀನುಗಳನ್ನು ತಿನ್ನುವುದರಿಂದ ಅದನ್ನು ಬಚ್ಚಲ ಹಂಡೆಗೆ ನೀರು ತುಂಬುವ ಸಿಮೆಂಟಿನ ತೊಟ್ಟಿಗೋ, ದನಗಳ ಕಲ್ಲುಬಾನಿಗೋ ಬಿಡುವುದು ಯೋಗ್ಯ. ಪಶ್ಚಿಮ ಕರಾವಳಿಯಲ್ಲಿ ಸಿಕ್ಕುವ ಚಿಕ್ಕ ಜಾತಿಯು ಎರಡು ಅಂಗುಲದೊಳಗೇ ನಿಲ್ಲುವುದು. ಅದು ಗಾಜಿನ ತೊಟ್ಟಿಗೆ ಒಪ್ಪುವುದು. ಎರಡೂ ಹಾರುವ ಮೀನುಗಳಾದ್ದರಿಂದ ಮುಚ್ಚಳವಿಲ್ಲದೆ ಇಡತಕ್ಕದ್ದಲ್ಲ. ಅಭಯಾರಣ್ಯದೊಳಗಿನ ಹೊಳೆಗಳಿಂದ ಯಾವ ಮೀನನ್ನೂ ಹಿಡಿದು ತರಕೂಡದೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಉಚಿತ.

ನೀಲಿ ಗೆರೆಗಳ ಜೀಬ್ರಾ ಮೀನು ಭಾರತದ್ದೇ ಆದರೂ ಬಹಳ ಚುರುಕಾದ್ದು. ಅದಕ್ಕೆ ಕನಿಷ್ಠಪಕ್ಷ ಎರಡು ಅಡಿ ಉದ್ದದ ತೊಟ್ಟಿ ಬೇಕು, ಐದಾರು ಜೊತೆಗಾರರೂ ಬೇಕು. ಇಂದು ಲೋಕದ ಪ್ರಯೋಗಶಾಲೆಗಳಲ್ಲೆಲ್ಲ ಪ್ರಸಿದ್ಧವಾಗಿರುವ ಈ ಮೀನನ್ನು ಗಂಗಾನದಿಯ ಮೀನುಗಳ ಗ್ರಂಥದಲ್ಲಿ 1822ರಲ್ಲಿ ಮೊದಲು ವರ್ಣಿಸಿದವನು ಫ್ರಾನ್ಸಿಸ್ ಬುಕಾನನ್. 1800ರಿಂದ 1801ರ ವರೆಗೆ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಸುತ್ತಿ ಇಲ್ಲಿಯ ಬೆಳೆ, ನೇಗಿಲು, ಕೆರೆಗಳ ವಿವರವನ್ನು ಬರೆದಿಟ್ಟವನೂ ಇವನೇ.

ಮೀನನ್ನು ಕೊಳ್ಳುವಾಗ ಎತ್ತಿನ ಹಲ್ಲು ನೋಡುವಷ್ಟೇ ಎಚ್ಚರ ಬೇಕು. ರೆಕ್ಕೆಗಳನ್ನು ಬಿಚ್ಚಿ ಈಜುತ್ತಿರಬೇಕು. ಹೊಟ್ಟೆಯು ಒಳಕ್ಕೆ ಬತ್ತಿರಬಾರದು. ಮೈಮೇಲೆ ಉಪ್ಪಿನ ಹರಳು ಚೆಲ್ಲಿದಂತೆ ಬಿಳಿಯ ಚುಕ್ಕೆಗಳಿರಬಾರದು. ಅಂಗಡಿಯ ಅದೇ ತೊಟ್ಟಿಯಲ್ಲಿ ಒಂದು ಸತ್ತ ಮೀನು ತೇಲುತ್ತಿದ್ದರೂ ಅಲ್ಲಿಂದ ಬರಿಗೈಯಲ್ಲಿ ಹಿಂದಿರುಗುವುದೇ ಲಾಭ.

ನೀರುಗಿಡಗಳು

ಗಿಡಗಳ ವಿಷಯದಲ್ಲಿ ರೈತರಿಗೆ ಹೆಚ್ಚು ಹೇಳಬೇಕಾಗಿಲ್ಲವೆಂದು ತೋರಬಹುದು. ಆದರೆ ರೈತನ ಅಭ್ಯಾಸವೇ ಇಲ್ಲಿ ಒಮ್ಮೊಮ್ಮೆ ತೊಡಕಾಗುವುದು. ಗಿಡವೆಂದೊಡನೆ ಮಣ್ಣು, ಗೊಬ್ಬರ ಎಂದು ಕೈ ಓಡುವುದು. ತೊಟ್ಟಿಯ ತಳಕ್ಕೆ ಹೊಲದ ಮಣ್ಣನ್ನಾಗಲಿ ಎರೆಮಣ್ಣನ್ನಾಗಲಿ ಹಾಕಿದರೆ ನೀರು ಎಂದಿಗೂ ತಿಳಿಯಾಗದು. ಸಗಣಿಗೊಬ್ಬರವೂ ಯೂರಿಯವೂ ಮೀನಿಗೆ ವಿಷಪ್ರಾಯ. ದಪ್ಪನೆಯ ಹೊಳೆಮರಳನ್ನು ತೊಳೆದ ನೀರು ಬಿಳಿಯಾಗಿ ಬರುವವರೆಗೆ ಹತ್ತಾರು ಸಾರಿ ತೊಳೆದು, ಎರಡು ಅಂಗುಲ ದಪ್ಪ ಹಾಸಿದರೆ ಸಾಕು. ಮೀನಿನ ಮಲವೇ ಗಿಡಕ್ಕೆ ಬೇಕಾದ ಗೊಬ್ಬರ.

ವ್ಯಾಲಿಸ್ನೇರಿಯವು ಹಸಿರು ಪಟ್ಟಿಯಂತಹ ಎಲೆಗಳುಳ್ಳದ್ದು. ಕೆರೆ ಕಾಲುವೆಗಳಲ್ಲಿ ಸಹಜವಾಗಿ ಬೆಳೆಯುವುದು. ಬೇರಿನಿಂದ ಹಂಬು ಹೊರಟು ಹೊಸ ಸಸಿಗಳಾಗುವುವು. ನೆಡುವಾಗ ಬೇರು ಮಾತ್ರ ಮರಳಿನಲ್ಲಿದ್ದು ಎಲೆಯ ಬುಡವು ಮೇಲಿರಬೇಕು. ಬುಡ ಹೂತರೆ ಕೊಳೆಯುವುದು. ತೊಟ್ಟಿಯ ಹಿಂಭಾಗಕ್ಕೆ ಇದೇ ಉತ್ತಮ. ಹೈಡ್ರಿಲ್ಲವು ಎಲ್ಲ ಕೆರೆಗಳಲ್ಲಿಯೂ ಸಿಕ್ಕುವುದು, ಅತಿ ಬೇಗ ಬೆಳೆಯುವುದು, ನೀರಿನ ಕಶ್ಮಲವನ್ನು ಬೇಗ ಹೀರುವುದು. ಆದುದರಿಂದ ಹೊಸ ತೊಟ್ಟಿಗೆ ಮೊದಲ ತಿಂಗಳುಗಳಲ್ಲಿ ಒಳ್ಳೆಯ ಸಹಾಯಕ. ವಾರಕ್ಕೊಮ್ಮೆ ಕತ್ತರಿಸದಿದ್ದರೆ ಅದೇ ತೊಟ್ಟಿಯ ಒಡೆಯನಾಗುವುದು. ಬೇರೇ ಇಲ್ಲದ ಸೆರಟೋಫಿಲ್ಲಮ್ ಎಂಬ ನರಿಬಾಲದಂತಹ ಗಿಡವನ್ನು ನೆಡಬೇಕಾದ್ದೇ ಇಲ್ಲ, ನೀರಿನಲ್ಲಿ ತೇಲಬಿಟ್ಟರೆ ಸಾಕು.

ಗದ್ದೆಯ ಬದುಗಳಲ್ಲಿ ಹರಡುವ ನೀರುಬ್ರಾಹ್ಮಿಯು ಮುಂಭಾಗಕ್ಕೆ ಚೆನ್ನ. ಒಂದೆಲಗಕ್ಕೂ ಕೆಲವರು ಬ್ರಾಹ್ಮಿಯೆಂದೇ ಹೇಳುವರು. ಇಲ್ಲಿ ಹೇಳಿರುವುದು ಅದಲ್ಲ, ದಪ್ಪನಾದ ಪುಟ್ಟ ಎಲೆಗಳು ಎದುರುಬದುರಾಗಿ ಇರುವ ಸಸ್ಯ. ನೀರಿನೊಳಗೆ ಅದು ನಿಧಾನವಾಗಿ ನೆಟ್ಟಗೆ ಬೆಳೆಯುವುದು. ಪಶ್ಚಿಮಘಟ್ಟದ ಹೊಳೆಗಳ ಅಂಚಿನಲ್ಲಿ ಬೆಳೆಯುವ ಕ್ರಿಪ್ಟೊಕೊರೈನ್ ಜಾತಿಗಳು ಕಡಮೆ ಬೆಳಕಿನಲ್ಲಿಯೂ ಬದುಕುವುವು. ಸ್ಥಳ ಬದಲಾಯಿಸಿದೊಡನೆ ಇವುಗಳ ಎಲೆಗಳೆಲ್ಲ ಕರಗಿಹೋಗುವುದುಂಟು. ಗಿಡ ಸತ್ತಿತೆಂದು ಎಸೆಯದೆ ಬೇರನ್ನು ಅಲ್ಲಿಯೇ ಬಿಟ್ಟರೆ ಕೆಲವು ವಾರಗಳಲ್ಲಿ ಮತ್ತೆ ಚಿಗುರುವುದು. ಸಣ್ಣ ತೊಟ್ಟಿಗೆ ನಿಧಾನವಾಗಿ ಬೆಳೆಯುವ ಇಂತಹ ಎರಡು ಗಿಡ, ಬೇಗ ಬೆಳೆಯುವ ಒಂದು ಗಿಡ, ಇಷ್ಟಿದ್ದರೆ ಯಥೇಷ್ಟ. ತಾವರೆ ನೈದಿಲೆಗಳು ಅಂಗಳದ ಕೊಳಕ್ಕೆ. ದನಗಳ ಮೇವಿಗೆಂದು ಬೆಳೆಸುವ ಅಜೋಲವನ್ನು ತೊಟ್ಟಿಗೆ ಹಾಕಿದರೆ ನಾಲ್ಕು ದಿನದಲ್ಲಿ ಮುಚ್ಚಳದಂತೆ ಹರಡಿ ಬೆಳಕನ್ನೂ ಗಾಳಿಯನ್ನೂ ತಡೆಯುವುದು.

ಕೆರೆಯಿಂದ ತಂದ ಗಿಡದೊಡನೆ ಜಿಗಣೆ, ಏರೋಪ್ಲೇನ್ ಚಿಟ್ಟೆಯ ಮರಿ, ಬಸವನಹುಳುವಿನ ಮೊಟ್ಟೆ ಇವೆಲ್ಲ ಬರುವುವು. ಈ ಚಿಟ್ಟೆಯ ಮರಿಯು ನೀರಿನೊಳಗೆ ಬೇಟೆಗಾರನಾಗಿದ್ದು ಚಿಕ್ಕ ಮೀನನ್ನೇ ಹಿಡಿದು ತಿನ್ನುವುದು. ಆದುದರಿಂದ ಗಿಡವನ್ನು ಚೆನ್ನಾಗಿ ತೊಳೆದು, ಪೊಟ್ಯಾಸಿಯಂ ಪರಮ್ಯಾಂಗನೇಟಿನ ತಿಳಿಗುಲಾಬಿ ಬಣ್ಣದ ನೀರಿನಲ್ಲಿ ಹತ್ತು ನಿಮಿಷ ಅದ್ದಿ, ಒಂದು ವಾರ ಬೇರೆ ಬಕೆಟ್ಟಿನಲ್ಲಿಟ್ಟು ಅನಂತರ ನೆಡಬೇಕು. ಔಷಧಿ ಹೊಡೆದ ಹೊಲದ ಪಕ್ಕದ ಕಾಲುವೆಯಿಂದ ಗಿಡವನ್ನೂ ನೀರನ್ನೂ ಎಂದಿಗೂ ತರಬಾರದು. ಸೈಪರ್‌ಮೆಥ್ರಿನ್ ಮೊದಲಾದ ಕೀಟನಾಶಕಗಳು ಮೀನಿಗೆ ಅತ್ಯಲ್ಪ ಪ್ರಮಾಣದಲ್ಲಿಯೂ ಮಾರಕ. ಔಷಧಿ ಮುಟ್ಟಿದ ಕೈಯನ್ನು ತೊಳೆಯದೆ ತೊಟ್ಟಿಗೆ ಅದ್ದಬಾರದು. ಮನೆಯೊಳಗೆ ಸೊಳ್ಳೆಯ ಔಷಧಿ ಸಿಂಪಡಿಸುವಾಗ ತೊಟ್ಟಿಯನ್ನು ಬಟ್ಟೆಯಿಂದ ಮುಚ್ಚಬೇಕು.

ಮೊದಲ ಆರು ವಾರಗಳು

ತೊಟ್ಟಿಯನ್ನು ತುಂಬಿದ ದಿನವೇ ಮೀನು ಬಿಡುವುದು ಎಲ್ಲರೂ ಮಾಡುವ ತಪ್ಪು. ಮೀನಿನ ಉಸಿರು ಮತ್ತು ಮಲಗಳಿಂದ ನೀರಿನಲ್ಲಿ ಅಮೋನಿಯ ಸೇರುವುದು, ಅದು ವಿಷ. ಹೊಲಕ್ಕೆ ಹಾಕಿದ ಗೊಬ್ಬರದ ಅಮೋನಿಯವನ್ನು ಮಣ್ಣಿನ ಸೂಕ್ಷ್ಮಜೀವಿಗಳು ನೈಟ್ರೈಟು, ಅನಂತರ ನೈಟ್ರೇಟಾಗಿ ಮಾರ್ಪಡಿಸುವುವೆಂಬುದು ರೈತರಿಗೆ ತಿಳಿದ ಸಂಗತಿ. ತೊಟ್ಟಿಯ ಮರಳಿನಲ್ಲಿಯೂ ಅದೇ ಜೀವಿಗಳು ನೆಲಸಿ ಅದೇ ಕೆಲಸವನ್ನು ಮಾಡಬೇಕು. ಅವು ಸಾಕಷ್ಟು ಹೆಚ್ಚುವುದಕ್ಕೆ ನಾಲ್ಕರಿಂದ ಆರು ವಾರ ಹಿಡಿಯುವುದು. ಜಾತ್ರೆಯ ಮೀನು ಮೊದಲ ವಾರದಲ್ಲಿಯೇ ಸಾಯುವುದರ ಗುಟ್ಟು ಇಲ್ಲಿದೆ. ಮೊದಲು ಗಿಡಗಳನ್ನು ನೆಟ್ಟು ಎರಡು ವಾರ ಸುಮ್ಮನೆ ಬಿಡುವುದು, ಆಮೇಲೆ ಎರಡು ಮೀನು, ಮತ್ತೆ ಎರಡು ವಾರದ ತರುವಾಯ ಇನ್ನೆರಡು, ಹೀಗೆ ಏರಿಸುತ್ತ ಹೋಗುವುದು ಕ್ಷೇಮಕರ.

ನೀರು ಕಲಕಾಯಿತೆಂದು ಇಡೀ ತೊಟ್ಟಿಯನ್ನು ಬರಿದುಮಾಡಿ ಮರಳನ್ನು ಉಜ್ಜಿ ತೊಳೆಯುವವರು, ತಾವು ಕಷ್ಟಪಟ್ಟು ಬೆಳೆಸಿದ ಈ ಜೀವಿಗಳನ್ನೇ ಚರಂಡಿಗೆ ಚೆಲ್ಲುವರು. ವಾರಕ್ಕೊಮ್ಮೆ ನಾಲ್ಕನೆಯ ಒಂದು ಭಾಗ ನೀರನ್ನು ಮಾತ್ರ ಕೊಳವೆಯಿಂದ ತೆಗೆದು ಅಷ್ಟೇ ತಣ್ಣಗಿರುವ ಹೊಸ ನೀರನ್ನು ಮೆಲ್ಲಗೆ ತುಂಬಬೇಕು. ತೆಗೆದ ನೀರು ತುಳಸಿಕಟ್ಟೆಗೂ ಹೂಗಿಡಗಳಿಗೂ ಒಳ್ಳೆಯ ಗೊಬ್ಬರ.

ಆಹಾರವನ್ನು ದಿನಕ್ಕೆ ಒಂದು ಸಾರಿ, ಎರಡು ನಿಮಿಷದಲ್ಲಿ ಮುಗಿಯುವಷ್ಟು ಮಾತ್ರ ಹಾಕತಕ್ಕದ್ದು. ಶೃಂಗೇರಿಯ ತುಂಗೆಯ ದಡದಲ್ಲಿ ನಿಂತು ಮೀನುಗಳಿಗೆ ಪುರಿಯನ್ನು ಚೆಲ್ಲಿದ ಸಂತೋಷವು ಅನೇಕರಿಗೆ ನೆನಪಿರುವುದು. ಆದರೆ ಅಲ್ಲಿ ಉಳಿದುದನ್ನು ಹೊಳೆ ಕೊಂಡೊಯ್ಯುವುದು, ಇಲ್ಲಿ ಉಳಿದುದು ಕೊಳೆಯುವುದು. ವಾರಕ್ಕೊಂದು ದಿನ ಉಪವಾಸವಿಟ್ಟರೆ ಮೀನಿಗೆ ಯಾವ ತೊಂದರೆಯೂ ಇಲ್ಲ. ಮದುವೆ ಮುಂಜಿಗಳಿಗಾಗಿ ಮನೆಯವರು ಎರಡು ಮೂರು ದಿನ ಊರು ಬಿಟ್ಟರೂ ಹಸಿವಿನಿಂದ ಸಾಯದು. ನೆರೆಯವರ ಕೈಗೆ ಡಬ್ಬಿ ಕೊಟ್ಟು ಹೋದರೆ ಅತಿಯಾದ ಉಪಚಾರದಿಂದ ಸಾಯುವ ಸಂಭವವೇ ಹೆಚ್ಚು.

ತೊಟ್ಟಿಯಿಂದ ಕೆರೆಗೆ

ಜಿಲೇಬಿ ಎಂದು ಹಳ್ಳಿಯವರು ಕರೆಯುವ ತಿಲಾಪಿಯ ಮೀನು ಈಗ ಇಲ್ಲದ ಕೆರೆಯೇ ಅಪರೂಪ. ಅದು ಆಫ್ರಿಕದಿಂದ ಹೊರಟು ಭಾರತಕ್ಕೆ ಬಂದದ್ದು 1952ರಲ್ಲಿ. ಒಮ್ಮೆ ನೀರಿಗಿಳಿದ ಮೇಲೆ ಅದನ್ನು ಹಿಂದಕ್ಕೆ ಕರೆಯಲು ಯಾರಿಂದಲೂ ಆಗಿಲ್ಲ. ಅದಾದರೂ ಊಟಕ್ಕೆ ಬರುವ ಮೀನು. ಮೇಲೆ ಹೇಳಿದ ಸಕ್ಕರ್ ಮೀನಿನಿಂದ ಅಂತಹ ಪ್ರಯೋಜನವೂ ಕಾಣದು. ತೊಟ್ಟಿಗಳಿಂದ ತಪ್ಪಿಸಿಕೊಂಡು ಅದು ದೇಶದ ಅನೇಕ ರಾಜ್ಯಗಳ ಕೆರೆ ಹೊಳೆಗಳಲ್ಲಿ ನೆಲಸಿದೆ. ಮೈಯೆಲ್ಲ ಮೂಳೆಯ ಕವಚ. ಬಲೆಗೆ ಬಿದ್ದರೆ ಬಲೆಯೇ ಹರಿಯುವುದು. ಎಲ್ಲಕ್ಕಿಂತ ಭಯಂಕರವಾದ ಗುಣವೆಂದರೆ ಮೊಟ್ಟೆಯಿಡುವುದಕ್ಕಾಗಿ ದಡದ ಮಣ್ಣಿನಲ್ಲಿ ಬಿಲಗಳನ್ನು ತೋಡುವುದು. ಏಡಿಯ ಬಿಲದಿಂದಲೂ ಹೆಗ್ಗಣದ ಬಿಲದಿಂದಲೂ ಕೆರೆಯ ಏರಿಗೆ ಏನಾಗುವುದೆಂಬುದನ್ನು ಅಚ್ಚುಕಟ್ಟಿನ ಜಮೀನುದಾರರಿಗೆ ವಿವರಿಸಬೇಕಾಗಿಲ್ಲ.

ಗಿಡಗಳಿಂದ ಬರುವ ಹಾನಿಯು ಇನ್ನೂ ಬೇಗ ಕಾಣುವುದು. ತೊಟ್ಟು ಊದಿಕೊಂಡು, ತಿಳಿಯೂದಾ ಹೂ ಬಿಡುವ ವಾಟರ್ ಹಯಸಿಂತ್ ಎಂಬ ಜಲಕಳೆಯು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೂವಿನ ಅಂದಕ್ಕಾಗಿ ಬಂಗಾಳಕ್ಕೆ ತರಲ್ಪಟ್ಟಿತು. ಇಂದು ಅದು ಕೆರೆಗಳನ್ನೆಲ್ಲ ಚಾಪೆಯಂತೆ ಮುಚ್ಚುತ್ತಿದೆ. ಬ್ರೆಜಿಲ್ ದೇಶದ ಸಾಲ್ವೀನಿಯ ಎಂಬ ತೇಲುಕಳೆಯದೂ ಇದೇ ಕಥೆ. ಬೆಂಗಳೂರಿನ ಒಂದು ನೈದಿಲೆಯ ಕೊಳವನ್ನು ಅದು ಆವರಿಸಿದ್ದಾಗ, ಅದೇ ಕಳೆಯನ್ನು ಮಾತ್ರ ತಿನ್ನುವ ಒಂದು ಪುಟ್ಟ ಮೂತಿಹುಳುವನ್ನು 1983-84ರಲ್ಲಿ ಬಿಟ್ಟು ಹತೋಟಿಗೆ ತರಲಾಯಿತು. ಆದರೆ ಎಲ್ಲ ಕಳೆಗೂ ಇಂತಹ ಹುಳುವು ಸಿಕ್ಕುವುದಿಲ್ಲ, ಸಿಕ್ಕಿದರೂ ಎಲ್ಲ ಕೆರೆಯಲ್ಲಿಯೂ ಗೆಲ್ಲುವುದಿಲ್ಲ. ಅಂಗಡಿಯಲ್ಲಿ ಸಿಕ್ಕುವ ನಯವಾದ ಬೀಸಣಿಗೆಯಂತಹ ಎಲೆಗಳ ಕಬೊಂಬ ಗಿಡವೂ ಕೇರಳದ ನೀರುಗಳಲ್ಲಿ ಹರಡಿಕೊಂಡಿದೆ. ತೊಟ್ಟಿಗೆ ನಾಡಗಿಡವನ್ನೇ ಆರಿಸಬೇಕೆಂದು ಮೇಲೆ ಹೇಳಿದ್ದು ಅಭಿಮಾನಕ್ಕಾಗಿ ಅಲ್ಲ. ಅದರ ತುಂಡು ಅಕಸ್ಮಾತ್ತಾಗಿ ಕಾಲುವೆಗೆ ಬಿದ್ದರೂ ಹೊಸ ಶತ್ರುವೊಂದು ಹುಟ್ಟದು.

ಗಪ್ಪಿಯನ್ನು ಆರೋಗ್ಯ ಇಲಾಖೆಯವರೇ ಬಿಡುವರಲ್ಲ ಎಂದು ಕೇಳುವವರಿರುವರು. 2006ರಲ್ಲಿ ರಾಜ್ಯದ ಅನೇಕ ಜಿಲ್ಲೆಗಳಲ್ಲಿ ಚಿಕುನ್‌ಗುನ್ಯ ಹರಡಿ ಜನರು ಕೈಕಾಲು ಹಿಡಿದು ಮಲಗಿದುದು ಇನ್ನೂ ಮರೆತಿಲ್ಲ. ಆ ಜ್ವರವನ್ನೂ ಡೆಂಗಿಯನ್ನೂ ಹರಡುವ ಸೊಳ್ಳೆಯು ಮನೆಯೊಳಗಿನ ಸಿಮೆಂಟಿನ ತೊಟ್ಟಿಗಳ ತಿಳಿನೀರಿನಲ್ಲಿಯೇ ಹುಟ್ಟುವುದಾದ್ದರಿಂದ, ಅಂತಹ ತೊಟ್ಟಿಗಳಿಗೆ ಗಪ್ಪಿ ಬಿಡುವುದು ಉಪಯುಕ್ತವೇ. ಸುತ್ತಲೂ ಗೋಡೆಯಿದ್ದು ಹೊರಕ್ಕೆ ಹರಿಯದ ನೀರಿಗೆ ಮಾತ್ರ ಈ ಮಾತು ಸಲ್ಲುವುದು. ಕೆರೆಗೂ ಹಳ್ಳಕ್ಕೂ ಸಲ್ಲದು. ಅಲ್ಲಿ ಪಂಚಾಕ್ಸ್ ಮೊದಲಾದ ನಾಡಮೀನುಗಳು ಆ ಕೆಲಸವನ್ನು ಮೊದಲಿನಿಂದ ಮಾಡುತ್ತಲೇ ಇರುವುವು.

ಆದುದರಿಂದ ಹೆಚ್ಚಾದ ಗಪ್ಪಿಗಳನ್ನು ನೆರೆಹೊರೆಯವರ ಸಿಮೆಂಟಿನ ತೊಟ್ಟಿಗಳಿಗೆ ಹಂಚಬಹುದು. ಬೆಳೆದು ದೊಡ್ಡದಾದ ಚಿನ್ನದ ಮೀನನ್ನೂ ಸಕ್ಕರ್ ಮೀನನ್ನೂ ದೊಡ್ಡ ಕೊಳವುಳ್ಳವರಿಗೋ ಕೊಂಡ ಅಂಗಡಿಗೋ ಹಿಂದಿರುಗಿಸತಕ್ಕದ್ದು. ಗ್ರಾಮಸಭೆಯಲ್ಲಿ ಕೆರೆಯ ಮೀನುಮರಿಗಳ ವಿಷಯವು ಬಂದಾಗ, ಮನೆಯ ತೊಟ್ಟಿಯ ಮೀನನ್ನು ಕೆರೆಗೆ ಬಿಡಕೂಡದೆಂಬುದನ್ನೂ ಊರ ಹಿರಿಯರು ಒಂದು ಮಾತಿನಲ್ಲಿ ತಿಳಿಸುವುದು ಮೇಲು. ಪಾಠಶಾಲೆಯ ಉಪಾಧ್ಯಾಯರ ಮೂಲಕ ಹೇಳಿಸಿದರೆ ಇನ್ನೂ ಬೇಗ ಮನೆ ಮುಟ್ಟುವುದು. ಕತ್ತರಿಸಿದ ಗಿಡಗಳನ್ನು ಬಂಡೆಯ ಮೇಲೆ ಹರಡಿ ನಾಲ್ಕೈದು ದಿನ ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿದ ಮೇಲೆಯೇ ತಿಪ್ಪೆಗೆ ಹಾಕಬೇಕು. ಹಸಿಯಾಗಿ ಹಾಕಿದರೆ ಮೊದಲ ಮಳೆಗೆ ತಿಪ್ಪೆಯಿಂದ ಹರಿದು, ಕಾಲುವೆಯ ಮಾರ್ಗವಾಗಿ ಕೆರೆಯನ್ನು ಸೇರುವುದಕ್ಕೆ ಹೈಡ್ರಿಲ್ಲದ ಎರಡು ಅಂಗುಲದ ತುಂಡೊಂದೇ ಸಾಕು.